ಕೊಟ್ಟಿದ್ದೆಷ್ಟು, ಬಂದಿದ್ದೆಷ್ಟು ಎಂಬ ಕುರುಡು ಲೆಕ್ಕ

ಐರೋಪ್ಯ ಒಕ್ಕೂಟದ ಬಜೆಟ್‌ಗೆ ಯಾವ ದೇಶ ಎಷ್ಟು ಕೊಟ್ಟಿತು, ಎಷ್ಟು ಪಡೆಯಿತು ಎಂಬ ಪಟ್ಟಿ ಹೊರಬಿದ್ದಾಗಲೆಲ್ಲ ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಗೊಣಗಾಟ ಶುರುವಾಗುತ್ತದೆ. ಸಾರ್ವಜನಿಕ ಹಣದ ಲೆಕ್ಕಪರಿಶೋಧನೆಯೇ ಕಸುಬಾದ ನನಗೆ ಆ ಪಟ್ಟಿಯ ಮೇಲೆ ಅಷ್ಟು ನಂಬಿಕೆಯಿಲ್ಲ.

ವಂತಿಗೆಯ ದೊಡ್ಡ ಪಾಲು ಆಯಾ ದೇಶದ ರಾಷ್ಟ್ರೀಯ ಆದಾಯಕ್ಕೆ ತಕ್ಕಂತೆ ನಿಗದಿಯಾಗುತ್ತದೆ. ಅದರಲ್ಲಿ ತಕರಾರಿಲ್ಲ. ತೊಡಕಿರುವುದು ಒಕ್ಕೂಟದ ಬಜೆಟ್‌ಗೆ ಸೇರುವ ಕಸ್ಟಮ್ಸ್ ಸುಂಕದಲ್ಲಿ. ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದು ಜರ್ಮನಿಗೆ ಹೋಗುವ ಸರಕಿನ ಸುಂಕವನ್ನು ವಸೂಲು ಮಾಡುವುದು ನೆದರ್ಲೆಂಡ್ಸ್. ಕೊನೆಗೆ ಅದನ್ನು ತೆರುವವನು ಜರ್ಮನಿಯ ಗ್ರಾಹಕ. ವಸೂಲಿ ವೆಚ್ಚವೆಂದು ನೆದರ್ಲೆಂಡ್ಸ್ ಅದರಲ್ಲಿ ಶೇ 25ರಷ್ಟನ್ನು ಉಳಿಸಿಕೊಳ್ಳುತ್ತದೆ. ವಸೂಲಿಗೆ ಅಷ್ಟೊಂದು ಖರ್ಚಾಗುತ್ತದೆ ಎಂದು ನಂಬುವ ಲೆಕ್ಕಿಗರನ್ನು ನಾನಿನ್ನೂ ಕಾಣಬೇಕಿದೆ.

ಇನ್ನು ರಿಯಾಯಿತಿಗಳು. 1984ರಲ್ಲಿ ಫ್ರಾನ್ಸ್‌ನ ಫಾಂಟೆನ್‌ಬ್ಲೋ ಶೃಂಗಸಭೆಯಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಪಟ್ಟು ಹಿಡಿದು ತಮ್ಮ ದೇಶದ ವಂತಿಗೆಯಲ್ಲಿ ರಿಯಾಯಿತಿ ಪಡೆದರು. ಅವರ ದೂರಿನಲ್ಲಿ ಹುರುಳಿತ್ತು: ಆಗ ಬಜೆಟ್‌ನ ಬಹುಪಾಲು ಕೃಷಿಗೆ ಹೋಗುತ್ತಿತ್ತು, ಬ್ರಿಟನ್‌ನ ಕೃಷಿ ವಲಯವೋ ಚಿಕ್ಕದು. ಆದರೆ ಸೂತ್ರವನ್ನು ನೋಡಿ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಇರುವ ಅಂತರದ ಶೇ 66ರಷ್ಟು ವಾಪಸ್. ಹಾಗಾಗಿ ಬ್ರಿಟನ್ ಹೊಸದಾಗಿ 100 ಪೌಂಡ್ ಅನುದಾನ ತಂದರೆ, ಅಂತರ ಕಿರಿದಾಗಿ, ಸುಮಾರು 66 ಪೌಂಡ್ ರಿಯಾಯಿತಿ ಕೈಬಿಡುತ್ತಿತ್ತು. ಅನುದಾನಕ್ಕೆ ಅರ್ಜಿ ಹಾಕುವ ಇಲಾಖೆಗಳಿಗೆ ಹಣಕಾಸು ಇಲಾಖೆಯೇ ತಣ್ಣೀರೆರಚುವ ವಿಚಿತ್ರ ಸ್ಥಿತಿ! ಈ ರಿಯಾಯಿತಿಯ ಹೊರೆ ಉಳಿದ ದೇಶಗಳ ಮೇಲೆ ಬಿತ್ತು. ಅದರಲ್ಲೂ ಜರ್ಮನಿ, ನೆದರ್ಲೆಂಡ್ಸ್, ಆಸ್ಟ್ರಿಯಾ, ಸ್ವೀಡನ್‌ಗಳು ತಮ್ಮ ಪಾಲಿನ ಕಾಲುಭಾಗವನ್ನಷ್ಟೇ ಕೊಡುವಂತೆ ಮಾಡಿಕೊಂಡವು. ಬ್ರಿಟನ್ ಹೊರಹೋದ ಮೇಲೂ, 2021–27ರ ಬಜೆಟ್‌ನಲ್ಲಿ ಈ ನಾಲ್ಕಕ್ಕೂ ಡೆನ್ಮಾರ್ಕ್‌ಗೂ ರಿಯಾಯಿತಿ ಉಳಿದಿದೆ. ಒಬ್ಬರಿಗೆ ಸಿಕ್ಕಿದ್ದು ನಮಗೇಕಿಲ್ಲ ಎಂಬುದರ ಹೊರತು ಇದಕ್ಕೆ ಬೇರೆ ತರ್ಕ ನನಗೆ ಕಾಣುವುದಿಲ್ಲ.

ಹಣಕ್ಕೆ ತಕ್ಕ ಪ್ರತಿಫಲ ಬಂತೇ ಎಂಬ ಪ್ರಶ್ನೆಗೆ ಉತ್ತರ ಬೇರೆಡೆ ಇದೆ. ಐರೋಪ್ಯ ಲೆಕ್ಕಪರಿಶೋಧಕರ ನ್ಯಾಯಾಲಯ (ಹೆಸರಿಗಷ್ಟೇ ನ್ಯಾಯಾಲಯ; ಒಕ್ಕೂಟದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ) 2023ರ ಖರ್ಚಿನಲ್ಲಿ ಶೇ 5.6ರಷ್ಟು ದೋಷವನ್ನು ಅಂದಾಜಿಸಿತು. ಪತ್ರಿಕೆಗಳು ಇಂತಹ ಅಂಕಿಯನ್ನು ವಂಚನೆ ಎಂದು ಓದುತ್ತವೆ. ಅದು ನಿಯಮ ತಪ್ಪಿದ ಖರ್ಚಿನ ಅಳತೆ. ನಿಯಮ ಪಾಲಿಸಿಯೂ ಹಣ ಪೋಲಾಗಬಹುದು. ಒಕ್ಕೂಟದ ನೆರವು ಪಡೆದ 20 ವಿಮಾನ ನಿಲ್ದಾಣಗಳನ್ನು ಇದೇ ಸಂಸ್ಥೆ ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟಿತು. ಗ್ರೀಸ್‌ನ ಕಸ್ಟೋರಿಯಾದಲ್ಲಿ ಉದ್ದ ಮಾಡಿದ ರನ್‌ವೇ ಮೇಲೆ, ಅದನ್ನು ಯಾವ ಬಗೆಯ ವಿಮಾನಗಳಿಗೆಂದು ಕಟ್ಟಲಾಗಿತ್ತೋ ಅವು ಇಳಿದೇ ಇರಲಿಲ್ಲ. ದೇಶಗಳು ಜಗಳವಾಡುವ ಆ ಪಟ್ಟಿಯಲ್ಲಿ ಮಾತ್ರ ಇಂತಹ ಖರ್ಚು ಗ್ರೀಸ್‌ನ ಲಾಭದ ಅಂಕಣದಲ್ಲಿ ಕೂರುತ್ತದೆ.