ಪಿಕಪ್‌ಗೆ ಸ್ಟೀಲ್ ವೀಲೋ, ಅಲಾಯ್ ವೀಲೋ?

ಪ್ರಶ್ನೆ: ನನ್ನ ಪಿಕಪ್‌ನಲ್ಲಿ ಕಂಪನಿಯಿಂದಲೇ ಬಂದ 16 ಇಂಚಿನ ಸ್ಟೀಲ್ ವೀಲ್‌ಗಳಿವೆ. ವಾರಕ್ಕೆ ಒಂದೆರಡು ಸಲ ಪೂರ್ತಿ ಲೋಡ್ ಹಾಕುತ್ತೇನೆ, ಉಳಿದ ದಿನ ಖಾಲಿ ಓಡಾಟ. ಅಲಾಯ್ ಹಾಕಿಸಿದರೆ ಗಾಡಿ ಹಗುರಾಗಿ ಮೈಲೇಜ್ ಜಾಸ್ತಿ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಗುಂಡಿಗೆ ಬಿದ್ದರೆ ಅಲಾಯ್ ಒಡೆದೇ ಹೋಗುತ್ತದೆ ಅಂತ ಇನ್ನು ಕೆಲವರು. ಏನು ಮಾಡಲಿ?

ಉತ್ತರ: ನಿಮ್ಮ ಬಳಕೆಗೆ ಸ್ಟೀಲ್ ವೀಲೇ ಸಾಕು, ಹಾಗೇ ಬಿಡಿ. ಅಲಾಯ್ ಹಾಕಿಸಲೇಬಾರದು ಅಂತಲ್ಲ. ನಿಮ್ಮ ಮಾಡೆಲ್‌ಗೆ ಕಂಪನಿಯೇ ಕೊಡುವ ಅಲಾಯ್ ಆದರೆ ಧಾರಾಳವಾಗಿ ಹಾಕಿಸಿ. ಆದರೆ ಪಿಕಪ್ ವಿಷಯದಲ್ಲಿ ವೀಲ್ ಯಾವ ಲೋಹದ್ದು ಅನ್ನುವುದು ಆಮೇಲಿನ ಮಾತು. ಅದು ಎಷ್ಟು ಭಾರ ಹೊರುತ್ತದೆ, ಅದರ ಸುತ್ತ ಟೈರ್ ಗೋಡೆ ಎಷ್ಟು ಎತ್ತರ ಇರುತ್ತದೆ, ಮೊದಲು ನೋಡಬೇಕಾದ್ದು ಇವೆರಡನ್ನು. ಜನ ಮಾತ್ರ ಮೊದಲು ಡಿಸೈನ್ ನೋಡುತ್ತಾರೆ.

ತೂಕದ ಮಾತು ಮೊದಲು ಮುಗಿಸೋಣ. ಅಲಾಯ್ ವೀಲ್ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಸ್ಟೀಲಿಗಿಂತ ಹಗುರ, ಅದೇ ಗಾತ್ರದ ತುಂಡು ಸುಮಾರು ಮೂರನೇ ಒಂದು ಭಾಗ ತೂಗುತ್ತದೆ. ಹಾಗಂತ ವೀಲ್ ತೂಕ ಮೂರನೇ ಒಂದಕ್ಕೆ ಇಳಿಯುವುದಿಲ್ಲ. ಸ್ಟೀಲ್ ವೀಲ್ ಅಂದರೆ ತಗಡನ್ನು ಒತ್ತಿ, ಬಾಗಿಸಿ, ಬೆಸುಗೆ ಹಾಕಿದ್ದು. ಅಲಾಯ್ ಅಷ್ಟೇ ಗಟ್ಟಿ ಇರಬೇಕಾದರೆ ಜಾಸ್ತಿ ದಪ್ಪ ಬೇಕು. ಕೊನೆಗೆ ಒಂದೇ ಅಳತೆಯಲ್ಲಿ ಉಳಿಯುವುದು ವೀಲ್‌ಗೆ ಕೆಲವೇ ಕಿಲೋ. ಅಲಾಯ್ ಹಾಕಿಸುವ ನೆಪದಲ್ಲಿ 16 ಇಂಚಿನಿಂದ 18 ಇಂಚಿಗೆ ಹೋದರೆ ಅದೂ ಕರಗಿ ಹೋಗುತ್ತದೆ. ಸ್ಟೀಲಿಗಿಂತ ಭಾರ ಇರುವ ಅಗ್ಗದ ಅಲಾಯ್‌ಗಳೂ ಇವೆ. ನಂಬಿಕೆ ಬರದಿದ್ದರೆ ತಕ್ಕಡಿ ಮೇಲೆ ಇಟ್ಟು ನೋಡಿ, ಅಂಗಡಿಯವರ ಮಾತು ಯಾಕೆ? ಮೈಲೇಜ್ ಬೇಕಿದ್ದರೆ ಟೈರ್‌ನಲ್ಲಿ ಗಾಳಿ ಸರಿಯಾಗಿ ಇಟ್ಟುಕೊಳ್ಳಿ, ವೀಲ್ ಬದಲಿಸುವುದಕ್ಕಿಂತ ಅದೇ ಮೇಲು. ಹಗುರ ವೀಲ್ ಇದ್ದರೆ ಸಸ್ಪೆನ್ಷನ್‌ಗೆ ಕೆಲಸ ಕಡಿಮೆ ಅನ್ನುವುದು ನಿಜ. ಆದರೆ ಹಿಂದೆ ಲೀಫ್ ಸ್ಪ್ರಿಂಗ್, ಅದರ ಕೆಳಗೆ ಭಾರದ ಆಕ್ಸಲ್ ಇರುವ ಗಾಡಿಯಲ್ಲಿ ಎರಡು ಮೂರು ಕಿಲೋ ಉಳಿತಾಯ ಸೀಟಿನಲ್ಲಿ ಕೂತವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಇನ್ನು ಒಡೆಯುವ ಭಯ. ಸ್ಟೀಲ್ ಪೆಟ್ಟು ತಿಂದರೆ ಬಾಗುತ್ತದೆ. ರಿಮ್‌ನ ಅಂಚು ಒಳಕ್ಕೆ ಹೋದರೆ ಸುತ್ತಿಗೆಯಲ್ಲಿ ಬಡಿದು, ಗಾಳಿ ನಿಲ್ಲುವಷ್ಟು ಸರಿಮಾಡಿ, ಊರು ಮುಟ್ಟಬಹುದು. ಮೊದಲಿನಷ್ಟು ದುಂಡಗೆ ಆಗುವುದಿಲ್ಲ, ಸ್ಟೀರಿಂಗ್ ನಡುಗಬಹುದು, ಆದರೆ ನಡುದಾರಿಯಲ್ಲಿ ಕೈ ಕೊಡುವುದು ಅಪರೂಪ. ಹೆಚ್ಚಿನ ಅಲಾಯ್ ವೀಲ್‌ಗಳು ಎರಕದವು. ಕರಗಿಸಿದ ಅಲ್ಯೂಮಿನಿಯಂ ಅಚ್ಚಿನ ಮೂಲೆಮೂಲೆಗೂ ಹರಿಯಲಿ ಅಂತ ಅದರಲ್ಲಿ ಸಾಮಾನ್ಯವಾಗಿ ಶೇ 7ರಷ್ಟು ಸಿಲಿಕಾನ್ ಬೆರೆಸಿರುತ್ತಾರೆ. ಈ ಮಿಶ್ರಣ ಗಡಸು, ಆದರೆ ಸ್ಟೀಲಿನಷ್ಟು ಬಾಗುವ ಗುಣ ಇಲ್ಲ. ಸಣ್ಣ ಪೆಟ್ಟಿಗೆ ಜಪ್ಪಯ್ಯ ಅನ್ನುವುದಿಲ್ಲ, ಮಿತಿ ಮೀರಿದರೆ ಬಿರುಕು ಬಿಡುತ್ತದೆ. ಬಿರುಕಿಗೆ ಬೆಸುಗೆ ಹಾಕಿಕೊಡುವವರು ಸಿಗುತ್ತಾರೆ. ಬೇಡ. ಎರಕ ಹೊಯ್ದ ಮೇಲೆ ವೀಲನ್ನು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಬೆಸುಗೆಯ ಶಾಖಕ್ಕೆ ಆ ಜಾಗದಲ್ಲಿ ಆ ಗಟ್ಟಿತನವೇ ಹೋಗಿಬಿಡುತ್ತದೆ. ಲೋಡ್ ಹೊರುವ ಗಾಡಿಯಲ್ಲಿ ಅಂಥ ವೀಲ್ ಮೇಲೆ ಭರವಸೆ ಇಡೋದು ಹೇಗೆ?

ಅಲಾಯ್ ಅಂದರೆ ಎಲ್ಲವೂ ಸೂಕ್ಷ್ಮ ಅಂತ ತಿಳಿಯಬೇಡಿ. ಭಾರಿ ಟ್ರಕ್‌ಗಳಲ್ಲಿ ಓಡುತ್ತಿರುವ ಅಲ್ಯೂಮಿನಿಯಂ ವೀಲ್‌ಗಳು ಫೋರ್ಜ್ ಮಾಡಿದವು, ಅಂದರೆ ಗಟ್ಟಿ ತುಂಡನ್ನು ಭಾರಿ ಒತ್ತಡದಲ್ಲಿ ಒತ್ತಿ ರೂಪಿಸಿದವು. ಆಲ್ಕೋವಾ ಕಂಪನಿ ಇಂಥವನ್ನು 1948ರಲ್ಲೇ ತಂದಿತ್ತು. ಅಲ್ಲಿ ವೀಲ್‌ನಲ್ಲಿ ಉಳಿದ ತೂಕದಷ್ಟು ಜಾಸ್ತಿ ಸರಕು ಹೇರಬಹುದು ಅನ್ನುವ ಲೆಕ್ಕ ಇದೆ. ಪಿಕಪ್‌ಗೂ ಫೋರ್ಜ್ಡ್ ಸಿಗುತ್ತದೆ, ಬೆಲೆ ಕೇಳಿದ ಮೇಲೆ ನಿರ್ಧಾರ ನಿಮ್ಮದು. ಇತ್ತ ಸ್ಟೀಲ್ ಕೂಡ ಚಿರಂಜೀವಿ ಅಲ್ಲ. ಮಿತಿ ಮೀರಿ ಲೋಡ್ ಹಾಕುತ್ತಾ ಹೋದರೆ ಬೋಲ್ಟ್ ತೂತುಗಳ ಸುತ್ತ, ಗಾಳಿ ಕಿಂಡಿಗಳ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ವೀಲ್ ಬಿಚ್ಚಿದಾಗಲೆಲ್ಲ ಅಲ್ಲಿ ಸಣ್ಣ ತುಕ್ಕಿನ ಗೆರೆ ಇದೆಯಾ ನೋಡಿ.

ಗುಂಡಿಯಲ್ಲಿ ಅಲಾಯ್ ಒಡೆದಾಗ ಎಲ್ಲರೂ ಲೋಹವನ್ನು ಬೈಯುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಟೈರ್. ಲೆಕ್ಕ ಹಾಕಿ ನೋಡಿ. ಟೈರ್ ಮೇಲಿನ ಅಂಕಿಗಳಲ್ಲಿ ಮೊದಲನೆಯದು ಮಿ.ಮೀ.ನಲ್ಲಿ ಅಗಲ, ಎರಡನೆಯದು ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅನ್ನುವುದು, ಕೊನೆಯದು ರಿಮ್‌ನ ಇಂಚು. 265/70 ಆರ್ 16, 265/65 ಆರ್ 17, 265/60 ಆರ್ 18, ಮೂರೂ ಟೈರ್‌ಗಳ ಒಟ್ಟು ಎತ್ತರ ಹೆಚ್ಚು ಕಡಿಮೆ ಒಂದೇ, 776 ಮಿ.ಮೀ. ಆಸುಪಾಸು. ಆದರೆ ರಿಮ್‌ಗೂ ನೆಲಕ್ಕೂ ನಡುವಿನ ರಬ್ಬರ್ ಗೋಡೆ 16ರಲ್ಲಿ ಸುಮಾರು 185 ಮಿ.ಮೀ., 17ರಲ್ಲಿ 172, 18ರಲ್ಲಿ 159. ರಿಮ್ ದೊಡ್ಡದಾದಷ್ಟೂ ಪೆಟ್ಟು ತಡೆಯುವ ಗಾಳಿ ಮೆತ್ತೆ ತೆಳುವಾಗುತ್ತದೆ. 18 ಇಂಚಿನ ಅಲಾಯನ್ನು 16 ಇಂಚಿನ ಸ್ಟೀಲ್ ಜೊತೆ ಹೋಲಿಸಿ "ಅಲಾಯ್ ತಡೆಯಲ್ಲ" ಅನ್ನುವುದು ನ್ಯಾಯ ಅಲ್ಲ. 16 ಇಂಚಿನ ಅಲಾಯ್ ಹಾಕಿದರೆ ಆ ದೂರು ಅರ್ಧಕ್ಕರ್ಧ ಕಡಿಮೆ ಆದೀತು ಅಂತ ನನ್ನ ಅನಿಸಿಕೆ. ಹಾಗಾಗಿ ಹಾಕಿಸುವುದೇ ಆದರೆ ಇಂಚು ಏರಿಸಬೇಡಿ.

ಈಗ ಭಾರದ ವಿಷಯ. ಗಾಡಿಯ ಪ್ಲೇಟ್‌ನಲ್ಲೋ ಕೈಪಿಡಿಯಲ್ಲೋ ಹಿಂದಿನ ಆಕ್ಸಲ್ ಎಷ್ಟು ಕಿಲೋ ತಡೆಯುತ್ತದೆ ಅಂತ ಬರೆದಿರುತ್ತದೆ. ಅದರ ಅರ್ಧ ಒಂದೊಂದು ಹಿಂದಿನ ವೀಲ್ ಪಾಲು. ಆಕ್ಸಲ್ ಮಿತಿ 1,800 ಕಿಲೋ ಅಂತ ಇಟ್ಟುಕೊಂಡರೆ ವೀಲ್ ಕನಿಷ್ಠ 900 ಕಿಲೋ ಹೊರಬೇಕು. ಅಲಾಯ್ ವೀಲ್‌ನ ಹಿಂಬದಿಯಲ್ಲಿ, ಇಲ್ಲವೇ ಕಡ್ಡಿಗಳ ಒಳಮೈಯಲ್ಲಿ, ಗರಿಷ್ಠ ಲೋಡ್ ಅಚ್ಚೊತ್ತಿರುತ್ತದೆ. ಕೆಲವದರಲ್ಲಿ ಕಿಲೋ ಬದಲು ಪೌಂಡ್ ಇರುತ್ತದೆ, ಗಮನಿಸಿ. ಜಪಾನಿನ ಗುರುತುಗಳಲ್ಲಿ ಜೆಡಬ್ಲ್ಯೂಎಲ್ ಅಂದರೆ ಕಾರಿನದು, ಕೊನೆಯಲ್ಲಿ ಟಿ ಇದ್ದರೆ ಟ್ರಕ್ಕಿನದು. ಯಾವ ಅಂಕಿಯೂ ಇಲ್ಲದ ವೀಲ್ ಎಷ್ಟೇ ಚೆನ್ನಾಗಿದ್ದರೂ ಅಂಗಡಿಯಲ್ಲೇ ಇರಲಿ.

ತೂತುಗಳು ಸರಿ ಕೂತವು, ಹಾಗಾಗಿ ವೀಲ್ ಸರಿ ಇದೆ ಅಂದುಕೊಳ್ಳುವುದೂ ತಪ್ಪು. ಎಷ್ಟೋ ಪಿಕಪ್‌ಗಳಲ್ಲಿ ಆರು ಬೋಲ್ಟ್‌ಗಳು 139.7 ಮಿ.ಮೀ. ವೃತ್ತದಲ್ಲಿ ಇರುತ್ತವೆ. ಬೇರೆ ಗಾಡಿಯ ವೀಲ್ ಸಲೀಸಾಗಿ ಕೂರುತ್ತದೆ. ಆದರೆ ನಡುವಿನ ತೂತು ಹಬ್‌ಗೆ, ಅಂದರೆ ಗಾಡಿಯಲ್ಲಿ ವೀಲ್ ಕೂರುವ ನಡುಭಾಗಕ್ಕೆ, ಹೊಂದದಿದ್ದರೆ ನಡುಕ ಬರಬಹುದು. ಆಫ್‌ಸೆಟ್ ಅಂದರೆ ವೀಲ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮೈ ಎಷ್ಟು ಹೊರಗಿದೆ ಅನ್ನುವ ಅಳತೆ. ಅದು ಕಡಿಮೆ ಇದ್ದರೆ ವೀಲ್ ಹೊರಕ್ಕೆ ಚಾಚಿ ನಿಲ್ಲುತ್ತದೆ. ನೋಡಲು ಗತ್ತು ಇದೆ ನಿಜ, ಬೇರಿಂಗ್ ಮೇಲೆ ಬೀಳುವ ಹೊರೆಯೂ ಹೆಚ್ಚು. ಪೂರ್ತಿ ಲೋಡ್ ಹಾಕುವ ಗಾಡಿಗೆ ಆ ಶೋಕಿ ಬೇಡ.

ತುಕ್ಕಿನ ವಿಷಯದಲ್ಲಿ ಸ್ಟೀಲ್ ಸೋಲುತ್ತದೆ, ಬಣ್ಣ ಹೋದ ಕಡೆ ಉಜ್ಜಿ ಬಳಿದರೆ ಆಯಿತು. ಉಪ್ಪು ಗಾಳಿಯಲ್ಲಿ ಅಲಾಯ್ ಕೂಡ ಟೈರ್ ಕೂರುವ ಅಂಚಿನಲ್ಲಿ ಬೆಳ್ಳಗೆ ಪುಡಿಪುಡಿಯಾಗಿ ನಿಧಾನಕ್ಕೆ ಗಾಳಿ ಬಿಡುತ್ತದೆ. ಇಳಿಜಾರಿನಲ್ಲಿ ಬ್ರೇಕ್ ತಣಿಯಲು ಕಡ್ಡಿಗಳ ನಡುವೆ ದೊಡ್ಡ ಕಿಂಡಿ ಇರುವ ಅಲಾಯ್ ವಾಸಿ. ಲುಕ್ಕಿನ ಬಗ್ಗೆ ನಾನೇನೂ ಹೇಳಬೇಕಿಲ್ಲ ಅಲ್ವಾ.

ಅಲಾಯ್‌ಗೇ ಮನಸ್ಸು ಮಾಡಿದರೆ ನಟ್‌ಗಳನ್ನು ಮರೆಯಬೇಡಿ. ಸ್ಟೀಲ್ ವೀಲ್‌ಗೆ ಸಾಮಾನ್ಯವಾಗಿ ಶಂಕುವಿನ ಆಕಾರದ ನಟ್ ಬರುತ್ತದೆ. ಕೆಲವು ಅಲಾಯ್‌ಗಳಿಗೆ ಚಪ್ಪಟೆ ವಾಷರ್ ಇರುವ ಉದ್ದನೆಯ ನಟ್ ಬೇಕು. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಬಿಗಿಯಾದಂತೆ ಕಂಡರೂ ದಾರಿಯಲ್ಲಿ ಸಡಿಲವಾಗುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟೇ ಟಾರ್ಕ್, ಅಂದರೆ ನಟ್ ತಿರುಗಿಸುವ ಬಲ, ಕೊಡಿಸಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಸ್ಟೆಪ್ನಿ ಸ್ಟೀಲಿನದೇ ಉಳಿಯುವುದಾದರೆ ಹಳೆಯ ನಟ್‌ಗಳಲ್ಲಿ ಒಂದು ವೀಲ್‌ಗೆ ಆಗುವಷ್ಟನ್ನು ಜಾಕ್ ಜೊತೆ ಚೀಲದಲ್ಲಿ ಹಾಕಿ ಇಡಿ. ಪಂಕ್ಚರ್ ಆದ ದಿನ ಹೊಸ ನಟ್ ಸ್ಟೆಪ್ನಿಗೆ ಕೂರದಿದ್ದರೆ ಅದೇ ಗತಿ.