ಅದೇ 500 ಮೈಕ್ರೊಗ್ರಾಂ

ಚಿಕ್ಕಪ್ಪ ಕೈಚೀಲದಿಂದ ಒಂದೊಂದಾಗಿ ಆರು ಡಬ್ಬಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎರಡು ವರ್ಷದಿಂದ ಅವರಿಗೆ ಖಿನ್ನತೆಗೆ ಚಿಕಿತ್ಸೆ ನಡೆಯುತ್ತಿದೆ. ಸಕ್ಕರೆ ಕಾಯಿಲೆ ಅದಕ್ಕಿಂತ ಹಳೆಯದು. "ಇವೆಲ್ಲ ಬರೀ ವಿಟಮಿನ್ನು ಕಣೋ, ಔಷಧಿ ಅಲ್ಲ. ಅಡ್ಡಪರಿಣಾಮ ಅನ್ನೋದೇ ಇಲ್ವಂತೆ. ಇನ್ನೆರಡು ತಿಂಗಳು ನೋಡಿ ಆ ಮನಸ್ಸಿನ ಡಾಕ್ಟರ ಮಾತ್ರೆ ಬಿಟ್ಟುಬಿಡೋಣ ಅಂತಿದೀನಿ" ಎಂದರು. ಮಾತು ಮುಗಿಸಿ, ಬಗ್ಗಿ ಪಾದ ಉಜ್ಜಿಕೊಂಡರು. ಒಂದು ತಿಂಗಳಿಂದ ಜುಮುಜುಮು ಅನ್ನುತ್ತಿದೆಯಂತೆ.

ನನಗೆ ಚುಚ್ಚಿದ್ದು ಆ "ಬರೀ" ಎಂಬ ಪದ. ಮೆದುಳಿನೊಳಗೆ ಇಳಿದು ಮನಸ್ಸಿನ ಗತಿಯನ್ನೇ ಬದಲಿಸುವಷ್ಟು ತಾಕತ್ತು ಇದಕ್ಕಿದೆ ಎಂದು ನಂಬಿ ನುಂಗುತ್ತೇವೆ. ಅದೇ ಬಾಯಲ್ಲಿ, ಕೆಡುಕು ಮಾಡುವಷ್ಟು ತಾಕತ್ತು ಇಲ್ಲ ಎನ್ನುತ್ತೇವೆ. ಒಳ್ಳೆಯದನ್ನಷ್ಟೇ ಮಾಡುವ ರಸಾಯನಶಾಸ್ತ್ರ ಯಾವ ಪ್ರಯೋಗಾಲಯದಲ್ಲೂ ಇನ್ನೂ ಹುಟ್ಟಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಗುಂಪೂ ಇದೆ. ಮನೋರೋಗಕ್ಕೂ ಪೋಷಕಾಂಶಕ್ಕೂ ಏನು ನಂಟು, ಎಲ್ಲ ವ್ಯಾಪಾರ ಎಂದು ಕೈ ಝಾಡಿಸುವವರು. ಅವರಿಗೆ ಪೆಲಾಗ್ರದ ಕತೆ ಹೇಳಬೇಕು.

ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿ ಗುರುತಿಸಿದ ಕಾಯಿಲೆ ಇದು. ಚರ್ಮ ಒರಟಾಗಿ ಸಿಪ್ಪೆ ಏಳುತ್ತದೆ, ಭೇದಿ ಹತ್ತುತ್ತದೆ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹುಚ್ಚಾಸ್ಪತ್ರೆಗಳಲ್ಲಿ ಪೆಲಾಗ್ರದವರು ತುಂಬಿದ್ದರು. ಅಂಟುರೋಗವೇ ಇರಬೇಕೆಂದು ಹೆಚ್ಚಿನ ವೈದ್ಯರ ನಂಬಿಕೆ. 1914ರಲ್ಲಿ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ತನಿಖೆಗೆ ಕಳಿಸಿತು. ಆತನ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಂಗತಿ: ಕಾಯಿಲೆ ರೋಗಿಗಳಿಗೆ ಬರುತ್ತದೆ, ದಿನವಿಡೀ ಅವರ ಜೊತೆಗೇ ಇರುವ ದಾದಿಯರಿಗೂ ಕಾವಲಿನವರಿಗೂ ಬರುವುದಿಲ್ಲ. ಸಂಬಳದ ಪಟ್ಟಿ ನೋಡಿಕೊಂಡು ಅಂಟುವ ರೋಗಾಣು ಎಲ್ಲಿದ್ದೀತು? ವ್ಯತ್ಯಾಸ ತಟ್ಟೆಯಲ್ಲಿತ್ತು. ರೋಗಿಗಳಿಗೆ ಹೆಚ್ಚೂಕಡಿಮೆ ಮೆಕ್ಕೆಜೋಳವೇ ಊಟ, ಸಿಬ್ಬಂದಿಗೆ ಹಾಲು, ಮಾಂಸ, ತರಕಾರಿ. ಹೇಳಿದರೆ ಯಾರೂ ನಂಬಲಿಲ್ಲ. 1916ರಲ್ಲಿ ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನು ತನಗೇ ಚುಚ್ಚಿಕೊಂಡ, ಅವರ ಚರ್ಮದ ಹೊಪ್ಪಳೆ, ಮಲಮೂತ್ರವನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದ. ಹೆಂಡತಿ ಮೇರಿಯೂ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ಪೆಲಾಗ್ರ ಬರಲಿಲ್ಲ. ಕೊರತೆ ಬಿದ್ದ ವಸ್ತು ನಯಾಸಿನ್, ಅಂದರೆ ಬಿ3 ಎಂದು ಕಾನ್ರಾಡ್ ಎಲ್ವೆಹ್ಯೆಮ್ ತೋರಿಸಿಕೊಟ್ಟದ್ದು 1937ರಲ್ಲಿ. ಅಷ್ಟರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡು ಎಂಟು ವರ್ಷವಾಗಿತ್ತು.

ಮೆಕ್ಕೆಜೋಳದಲ್ಲಿ ನಯಾಸಿನ್ ಇಲ್ಲವೇ ಎಂದರೆ ಇದೆ, ನಮ್ಮ ಕರುಳಿಗೆ ಬಿಡಿಸಲು ಬಾರದಂತೆ ಕಟ್ಟುಬಿದ್ದಿದೆ. ಮಧ್ಯ ಅಮೆರಿಕದ ಮೂಲನಿವಾಸಿಗಳು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಕಟ್ಟು ಬಿಚ್ಚುತ್ತಿದ್ದರು. ಕಾಳನ್ನು ಹೊತ್ತೊಯ್ದ ಯೂರೋಪಿನವರು ಸುಣ್ಣವನ್ನು ಅಲ್ಲೇ ಬಿಟ್ಟು ಹೋದರು. ಹುಚ್ಚಾಸ್ಪತ್ರೆಯ ಎಷ್ಟೋ ಹಾಸಿಗೆಗಳು ತುಂಬಿದ್ದರ ಹಿಂದೆ ಇದ್ದದ್ದು ಈ ಮರೆವು.

ಇಂಥ ಗೆಲುವು ಬೇಗ ತಲೆಗೇರುತ್ತದೆ. ನಯಾಸಿನ್ ಒಂದು ಬಗೆಯ ಭ್ರಮಣೆಯನ್ನು ಓಡಿಸಿತಲ್ಲ, ಹಾಗಾದರೆ ಸ್ಕಿಜೋಫ್ರೇನಿಯಾಕ್ಕೂ ಯಾಕೆ ಆಗಬಾರದು? 1950ರ ದಶಕದಲ್ಲಿ ಕೆನಡಾದ ಸಸ್ಕಾಚವಾನ್‌ನಲ್ಲಿ ಏಬ್ರಮ್ ಹಾಫರ್ ಮತ್ತು ಹಂಫ್ರಿ ಆಸ್ಮಂಡ್ ದಿನಕ್ಕೆ ಗ್ರಾಂಗಟ್ಟಲೆ ನಯಾಸಿನ್ ಕೊಡತೊಡಗಿದರು. ಎರಡು ನೊಬೆಲ್ ಗೆದ್ದಿದ್ದ ಲೈನಸ್ ಪಾಲಿಂಗ್ 1968ರಲ್ಲಿ ಈ ದಾರಿಗೆ "ಆರ್ಥೋಮಾಲಿಕ್ಯುಲರ್ ಮನೋವೈದ್ಯ" ಎಂಬ ಭಾರಿ ಹೆಸರು ಇಟ್ಟರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಸಮಿತಿ ಎಲ್ಲವನ್ನೂ ಜಾಲಾಡಿ, ಈ ಮಾತಿಗೆ ಆಧಾರವಿಲ್ಲ ಎಂದಿತು. ಹರಿದ ಅಂಗಿಗೆ ತೇಪೆ ಹಾಕಿದರೆ ಅಂಗಿ ಉಳಿಯುತ್ತದೆ. ಹರಿಯದ ಅಂಗಿಗೆ ಹತ್ತು ತೇಪೆ ಹೊಲಿದರೆ ತೂಕ ಹೆಚ್ಚುತ್ತದೆ ಅಷ್ಟೆ.

ಈಗ ನನಗೆ ಬಲು ಇಷ್ಟವಾದ ಜಾಗಕ್ಕೆ ಬಂದೆ. ಅವಸರವಿದ್ದವರು ಮೂರು ಪ್ಯಾರಾ ಹಾರಿಕೊಂಡು ಹೋಗಬಹುದು, ನನಗೇನೂ ಬೇಜಾರಿಲ್ಲ.

ಮೀಥೈಲ್ ಗುಂಪು ಎಂದರೆ ಒಂದು ಇಂಗಾಲ, ಅದಕ್ಕೆ ಅಂಟಿಕೊಂಡ ಮೂರು ಹೈಡ್ರೋಜನ್. ಇಷ್ಟೇ ಇಷ್ಟು. ಆದರೆ ಈ ಪುಟಾಣಿಯನ್ನು ಒಂದು ಅಣುವಿಗೆ ಅಂಟಿಸಿದರೆ ಅದರ ಹೆಸರು, ಕೆಲಸ ಎರಡೂ ಬದಲಾಗುತ್ತವೆ. ನಮ್ಮ ಅಕ್ಷರಕ್ಕೆ ಕೊಂಬು ಕೊಟ್ಟ ಹಾಗೆ: "ಕಡಿ" ಇದ್ದದ್ದು "ಕುಡಿ" ಆಗುತ್ತದೆ. ನಾರ್‌ಅಡ್ರಿನಲಿನ್‌ಗೆ ಮೀಥೈಲ್ ಅಂಟಿದರೆ ಅಡ್ರಿನಲಿನ್. ಮೆದುಳಿನ ಸಂದೇಶವಾಹಕ ಡೋಪಮೀನ್‌ಗೆ ಅಂಟಿದರೆ ಅದರ ಪಾಳಿ ಮುಗಿಯಿತು ಎಂದೇ ಅರ್ಥ. ಕತ್ತಲಾಯಿತು ಎಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹುಟ್ಟುವ ಕೊನೆಯ ಹೆಜ್ಜೆಯೂ ಒಂದು ಮೀಥೈಲ್.

ಇದನ್ನು ಮನೆಮನೆಗೆ ಹಂಚುವವನ ಹೆಸರು ಎಸ್-ಅಡಿನೋಸಿಲ್‌ಮೆಥಿಯೊನೀನ್. ಉದ್ದವಾಯಿತು, ಸ್ಯಾಮ್ ಎನ್ನೋಣ. ಸ್ಯಾಮ್ ಧಾರಾಳಿ. ಕೈಯಲ್ಲಿದ್ದ ಮೀಥೈಲನ್ನು ಕೊಟ್ಟು, ಬರಿಗೈಯಾಗಿ, ಹೋಮೋಸಿಸ್ಟೀನ್ ಎಂಬ ಇನ್ನೊಂದು ಹೆಸರಿನಲ್ಲಿ ಮೂಲೆ ಹಿಡಿದು ಕೂರುತ್ತಾನೆ. ಅವನು ಮತ್ತೆ ಏಳಬೇಕಾದರೆ ಕೈಗಡ ಬೇಕು. ಕೊಡುವ ಧಣಿ ಫೋಲೇಟ್, ಅಂದರೆ ಬಿ9. ಧಣಿ ನೇರವಾಗಿ ಕೊಡುವುದಿಲ್ಲ, ನಡುವೆ ಜಾಮೀನಿಗೆ ಒಬ್ಬ ನಿಲ್ಲಬೇಕು. ಅವನೇ ಬಿ12. ಫೋಲೇಟ್ ತನ್ನ ಮೀಥೈಲನ್ನು ಬಿ12ರ ನಟ್ಟನಡುವೆ ಕೂತ ಕೋಬಾಲ್ಟ್ ಪರಮಾಣುವಿನ ಮೇಲಿಡುತ್ತದೆ, ಕೋಬಾಲ್ಟ್ ಅದನ್ನು ಹೋಮೋಸಿಸ್ಟೀನ್‌ಗೆ ದಾಟಿಸುತ್ತದೆ. ಮತ್ತೆ ಮೆಥಿಯೊನೀನ್, ಮತ್ತೆ ಸ್ಯಾಮ್, ರಾಟೆ ಒಂದು ಸುತ್ತು ಬಂತು. 1948ರಲ್ಲಿ ಈ ಬಿ12 ಮೊದಲ ಬಾರಿ ಹರಳುಗಟ್ಟಿ ಸಿಕ್ಕಾಗ ಕಡುಗೆಂಪಗಿತ್ತು, ಕೋಬಾಲ್ಟ್‌ನ ಕೃಪೆ. ಅದರೊಳಗಿನ ಜೋಡಣೆಯನ್ನು ಎಕ್ಸ್-ಕಿರಣದಿಂದ ಬಿಡಿಸಿದ ಡೊರೋತಿ ಹಾಜ್ಕಿನ್‌ಗೆ 1964ರ ನೊಬೆಲ್ ಬಂತು. ಆ ರಚನೆಯ ಚಿತ್ರವನ್ನು ನೋಡಿದಾಗೆಲ್ಲ ನನಗೆ ರಂಗೋಲಿ ನೆನಪಾಗುತ್ತದೆ.

ಸೊಗಸು ಇರುವುದು ರಾಟೆ ನಿಂತಾಗ ಏನಾಗುತ್ತದೆ ಎಂಬುದರಲ್ಲಿ. ಫೋಲೇಟ್ ಒಮ್ಮೆ ಮೀಥೈಲ್ ಹೊತ್ತ ರೂಪಕ್ಕೆ ಬಂದರೆ ಹಿಂದಕ್ಕೆ ಹೋಗುವ ದಾರಿಯಿಲ್ಲ, ಆ ಕ್ರಿಯೆ ಒಮ್ಮುಖದ್ದು. ಹೊರಬರಲು ಬಿ12 ಎಂಬ ಒಂದೇ ಬಾಗಿಲು. ಬಿ12 ಇಲ್ಲದಿದ್ದರೆ ಫೋಲೇಟ್ ಬೋನಿಗೆ ಬಿದ್ದ ಇಲಿಯಂತೆ. ರಕ್ತದಲ್ಲಿ ಅಳೆದರೆ ಬೇಕಾದಷ್ಟು ಇದೆ ಎಂದೇ ತೋರಬಹುದು, ಕೆಲಸಕ್ಕೆ ಮಾತ್ರ ಸಿಗದು. ಆಗ ಫೋಲೇಟಿನ ಮಾತ್ರೆರೂಪವಾದ ಫೋಲಿಕ್ ಆಮ್ಲ ಸುರಿದರೆ ಅದು ಹಿತ್ತಲ ಬಾಗಿಲಿನಿಂದ ಡಿಎನ್‌ಎ ತಯಾರಿಕೆಗೆ ಹೋಗಿ ರಕ್ತಹೀನತೆಯನ್ನು ಸರಿಪಡಿಸಿಬಿಡುತ್ತದೆ. ರಕ್ತದ ವರದಿ ಚೆನ್ನಾಗಿದೆ, ಎಲ್ಲರಿಗೂ ಖುಷಿ. ಅತ್ತ ನರಗಳ ಮೇಲಿನ ಹೊದಿಕೆ ಸದ್ದಿಲ್ಲದೆ ಸವೆಯುತ್ತಿರುತ್ತದೆ. ಬಿ12 ಕೊರತೆ ಖಿನ್ನತೆಯಾಗಿ, ಮರೆವಾಗಿ, ಕೆಲವೊಮ್ಮೆ ಭ್ರಮೆಯಾಗಿಯೂ ಕಾಣಿಸಿಕೊಳ್ಳುತ್ತದೆ. ಪಾದ ಜುಮುಗುಟ್ಟುವುದಂತೂ ಇದ್ದದ್ದೇ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ತಗ್ಗುವುದು ಚೆನ್ನಾಗಿ ಗೊತ್ತಿರುವ ವಿಷಯ.

ರಾಟೆಯ ಚಂದ ನೋಡಿ, ಹಾಗಾದರೆ ಖಿನ್ನತೆಯ ಮಾತ್ರೆಯ ಜೊತೆ ಫೋಲಿಕ್ ಆಮ್ಲ ಕೊಟ್ಟರಾಯಿತು ಎನಿಸುತ್ತದೆ. ಕೊಟ್ಟು ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ಕಾಪೆನ್ ಮತ್ತು ಬೈಲಿ ಅವರ ಪ್ರಯೋಗದಲ್ಲಿ 127 ರೋಗಿಗಳಿಗೆ ಫ್ಲುಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು, ಅರ್ಧ ಜನಕ್ಕೆ ಜೊತೆಗೆ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ, ಉಳಿದವರಿಗೆ ಹುಸಿಮಾತ್ರೆ ಕೊಟ್ಟರು. ಹತ್ತು ವಾರದಲ್ಲಿ, ಫೋಲಿಕ್ ಆಮ್ಲ ತೆಗೆದುಕೊಂಡ ಹೆಂಗಸರು ಎದ್ದು ಕಾಣುವಷ್ಟು ಸುಧಾರಿಸಿದರು. ಗಂಡಸರಲ್ಲಿ ಅಂಥ ಫರಕು ಕಾಣಲಿಲ್ಲ.

ಹದಿನಾರು ವರ್ಷ ಕಳೆದು ಗೆಡ್ಡೆಸ್ ಮತ್ತು ಸಂಗಡಿಗರ ಇನ್ನೊಂದು ಪ್ರಯೋಗ ಬಂತು. ಈ ಸಲ ಬೈಪೋಲಾರ್ ಖಿನ್ನತೆಯ, ಅಂದರೆ ಒಮ್ಮೆ ಉನ್ಮಾದ ಒಮ್ಮೆ ಖಿನ್ನತೆ ಬರುವ ಕಾಯಿಲೆಯ, 202 ಜನ. ಅದಕ್ಕೆ ಕೊಡುವ ಕ್ವೆಟಯಪಿನ್ ಮಾತ್ರೆಯ ಜೊತೆಗೆ ಲ್ಯಾಮೊಟ್ರಿಜಿನ್ ಎಂಬ ಔಷಧ ಸೇರಿಸಿದರೆ ಲಾಭವಿದೆಯೇ, ಅದಕ್ಕೆ ಫೋಲಿಕ್ ಆಮ್ಲವನ್ನೂ ಸೇರಿಸಿದರೆ ಇನ್ನಷ್ಟು ಲಾಭವೇ ಎಂಬುದು ಪ್ರಶ್ನೆ. ಫೋಲಿಕ್ ಆಮ್ಲ ಇಲ್ಲದವರಲ್ಲಿ ಲ್ಯಾಮೊಟ್ರಿಜಿನ್ ಕೆಲಸ ಮಾಡಿತು. ಫೋಲಿಕ್ ಆಮ್ಲ ಸೇರಿದವರಲ್ಲಿ ಆ ಲಾಭ ಅಳಿಸಿಹೋದಂತೆ ಕಂಡಿತು. ಪ್ರಮಾಣ? ಅದೇ 500 ಮೈಕ್ರೊಗ್ರಾಂ. ಇದನ್ನು ಓದಿದ ದಿನ ನಾನು ಎದ್ದು ಕೋಣೆಯಲ್ಲಿ ಎರಡು ಸುತ್ತು ನಡೆದೆ. ಒಂದು ಔಷಧಕ್ಕೆ ಹೆಗಲು ಕೊಟ್ಟ ಪುಡಿ ಇನ್ನೊಂದು ಔಷಧದ ಕಾಲೆಳೆಯುತ್ತದೆ! ಹಾಗೇಕೆ ಎಂಬುದು ಪೂರ್ತಿ ಬಿಡಿಸಿದ ಒಗಟಲ್ಲ, ಒಂದೇ ಪ್ರಯೋಗ ಬೇರೆ. ಆದರೂ "ಬರೀ ವಿಟಮಿನ್ನು" ಎಂದು ವೈದ್ಯರಿಗೆ ಹೇಳದೆ ನುಂಗುವವರು ಈ 202 ಜನರನ್ನು ಒಮ್ಮೆ ನೆನೆಯಲಿ.

ಮೀನೆಣ್ಣೆಯ ಕತೆ ಇಷ್ಟು ನಾಟಕೀಯವಲ್ಲ. ಖಿನ್ನತೆಗೆ ಔಷಧದ ಜೊತೆ ಕೊಡುವ ಪೂರಕಗಳಲ್ಲಿ ತಕ್ಕಮಟ್ಟಿನ ಸಾಕ್ಷ್ಯ ಇರುವುದು ಇದಕ್ಕೇ, ಅದೂ ಇದರಲ್ಲಿರುವ ಒಮೆಗಾ-3 ಎಂಬ ಕೊಬ್ಬಿನ ಆಮ್ಲಗಳಲ್ಲಿ ಇಪಿಎ ಎಂಬ ಬಗೆಗೆ. ಈ ಕ್ಷೇತ್ರದ ತಜ್ಞರು 2019ರಲ್ಲಿ ಹೇಳಿದ ಪ್ರಮಾಣ ದಿನಕ್ಕೆ 1ರಿಂದ 2 ಗ್ರಾಂ ಇಪಿಎ. ಚಿಕ್ಕಪ್ಪನ ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ "1000 ಮಿಲಿಗ್ರಾಂ" ಎಂದಿತ್ತು. ತಿರುಗಿಸಿ, ಕನ್ನಡಕ ಏರಿಸಿ ಹಿಂದಿನ ಇರುವೆಯಕ್ಷರ ಓದಿದೆ: ಇಪಿಎ 180, ಡಿಎಚ್ಎ 120. ಸಾವಿರ ಎಂದದ್ದು ಎಣ್ಣೆಯ ತೂಕ. ಒಂದು ಗ್ರಾಂ ಇಪಿಎ ಆಗಬೇಕಾದರೆ ಅಂಥ ಆರು ಕ್ಯಾಪ್ಸೂಲ್ ನುಂಗಬೇಕು. ಇನ್ನು, ಆರೋಗ್ಯವಾಗಿರುವವರು ಖಿನ್ನತೆ ಬಾರದಿರಲಿ ಎಂದು ಇದನ್ನು ನುಂಗುವುದರ ಕತೆಯೇ ಬೇರೆ. 18,353 ಜನರನ್ನು ಐದು ವರ್ಷ ಹಿಂಬಾಲಿಸಿದ ವೈಟಲ್ ಪ್ರಯೋಗದಲ್ಲಿ ಒಮೆಗಾ-3ಯೂ ವಿಟಮಿನ್ ಡಿಯೂ ಖಿನ್ನತೆಯನ್ನು ತಡೆಯಲಿಲ್ಲ.

ಉಳಿದವನ್ನು ಬೇಗ ಮುಗಿಸುತ್ತೇನೆ. ಸ್ಯಾಮ್ ಅನ್ನೇ ಮಾತ್ರೆಯಾಗಿ ಮಾರುತ್ತಾರೆ, ಬೈಪೋಲಾರ್ ಇರುವವರಲ್ಲಿ ಅದು ಉನ್ಮಾದವನ್ನು ಕೆರಳಿಸಬಹುದು. ಮೆದುಳಿನ ಇನ್ನೊಂದು ಸಂದೇಶವಾಹಕ ಸಿರೊಟೋನಿನ್‌ನ ಕಚ್ಚಾಮಾಲಾದ 5-ಎಚ್‌ಟಿಪಿಯನ್ನು ಖಿನ್ನತೆಯ ಮಾತ್ರೆಯ ಜೊತೆ ನುಂಗಿದರೆ ಸಿರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ಹತ್ತಬಹುದು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಸಾರ ಇನ್ನೂ ಕಿಲಾಡಿ. ಸಿರೊಟೋನಿನ್ ಏರಿಸುವ ಅಪಾಯದ ಜೊತೆಗೆ, ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ ಗರ್ಭನಿರೋಧಕ ಮಾತ್ರೆಯ ಬಲವನ್ನೂ ಕುಗ್ಗಿಸುತ್ತದೆ.

ಮತ್ತೆ ಮೇಜಿಗೆ. ಆರು ಡಬ್ಬಿಗಳಲ್ಲಿ ಮೂರರಲ್ಲಿ ಬಿ6 ಇತ್ತು. "ನರಗಳಿಗೆ" ಎಂಬುದರಲ್ಲಿ 100 ಮಿಲಿಗ್ರಾಂ, "ಒತ್ತಡಕ್ಕೆ" ಎಂಬುದರಲ್ಲಿ 50, ಮೆಗ್ನೀಷಿಯಂ ಡಬ್ಬಿಯಲ್ಲಿ ಸುಮ್ಮನೆ ಜೊತೆಗಿರಲಿ ಎಂಬಂತೆ 10. ಕೂಡಿಸಿದರೆ 160. ದೇಹಕ್ಕೆ ದಿನಕ್ಕೆ ಬೇಕಾದ್ದು ಒಂದೂವರೆ ಮಿಲಿಗ್ರಾಂ ಆಸುಪಾಸು. ಅಮೆರಿಕದ ಮೇಲ್ಮಿತಿ 100, ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದನ್ನು 12ಕ್ಕೆ ಇಳಿಸಿದೆ. ಸಿರೊಟೋನಿನ್ ತಯಾರಿಕೆಯ ಕೊನೆಯ ಹೆಜ್ಜೆಗೆ ಬಿ6 ಬೇಕು, ಸುಳ್ಳಲ್ಲ. ಅತಿಯಾದರೆ ಸ್ಪರ್ಶದ ನರಗಳನ್ನೇ ಕೆಡಿಸುತ್ತದೆ, ಅದೂ ಸುಳ್ಳಲ್ಲ. ದಿನಕ್ಕೆ 2ರಿಂದ 6 ಗ್ರಾಂ ನುಂಗಿ ನಡಿಗೆ ತಪ್ಪಿದ ಏಳು ಜನರ ವರದಿ 1983ರಲ್ಲೇ ಬಂದಿತ್ತು. ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವನ್ನೂ ಬಹಳ ದಿನ ತೆಗೆದುಕೊಂಡವರಲ್ಲಿ ಕೈಕಾಲು ಜುಮುಗುಟ್ಟಿದ್ದು ಆಮೇಲೆ ಕಂಡಿದೆ. "ನರಗಳಿಗೆ" ಎಂದು ಬರೆದದ್ದು ಒಂದರ್ಥದಲ್ಲಿ ಸರಿಯೇ.

"ಚಿಕ್ಕಪ್ಪ, ಇವನ್ನೆಲ್ಲ ನಿಮ್ಮ ಡಾಕ್ಟರಿಗೆ ತೋರಿಸಿದ್ದೀರಾ?" ಎಂದೆ.

"ಅವರು ಕೇಳಲಿಲ್ಲ, ನಾನು ಹೇಳಲಿಲ್ಲ."

ಮುಂದಿನ ಭೇಟಿಗೆ ಆರೂ ಡಬ್ಬಿಗಳನ್ನು ಅದೇ ಚೀಲದಲ್ಲಿ ಹೊತ್ತು ಇಬ್ಬರೂ ಹೋದೆವು. ಮನೋವೈದ್ಯರು ಒಂದೊಂದನ್ನೂ ತಿರುಗಿಸಿ ಓದಿ, ಬಿ6ರ ಮೂರನ್ನು ಪಕ್ಕಕ್ಕೆ ಸರಿಸಿ, ಬಿ12 ಪರೀಕ್ಷೆ ಬರೆದುಕೊಟ್ಟರು. ಖಿನ್ನತೆಯ ಮಾತ್ರೆಯನ್ನು ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಜೊತೆಗೆ ಕಾಯಿಲೆ ಮರುಕಳಿಸುವ ಅಪಾಯ ಎಂದು ಬಿಡಿಸಿ ಹೇಳಿದರು. ಬಿ12 ಚೆನ್ನಾಗೇ ತಗ್ಗಿತ್ತು, ಚುಚ್ಚುಮದ್ದು ಶುರುವಾಯಿತು. ಪಾದ ಜುಮುಗುಟ್ಟಿಸಿದ್ದು ತಗ್ಗಿದ ಬಿ12ವೋ, ಹೆಚ್ಚಿದ ಬಿ6ವೋ, ಹಳೆಯ ಸಕ್ಕರೆ ಕಾಯಿಲೆಯೋ ಎಂದು ಅವರೂ ಹೇಳಲಿಲ್ಲ. ಮೂವರು ಕಳ್ಳರು ಒಂದೇ ರಾತ್ರಿ ಒಂದೇ ಮನೆಗೆ ನುಗ್ಗಿದ್ದರು.

ಈಗ ಜುಮುಗುಟ್ಟುವಿಕೆ ಬೆರಳ ತುದಿಗೆ ಇಳಿದಿದೆಯಂತೆ. ಮಾತ್ರೆ ಬಿಟ್ಟಿಲ್ಲ. ಹೋದ ವಾರ ಫೋನ್ ಮಾಡಿದ್ದರು. "ಬೇರೆ ಮೀನೆಣ್ಣೆ ನೋಡ್ತಿದೀನಿ ಕಣೋ. ಮುಂದೆ ಬರೆದದ್ದು ಬಿಟ್ಟೆ, ಹಿಂದೆ ಓದಿದೆ. ಇಪಿಎ 500 ಅಂತಿದೆ. ಚೀಟಿಯಲ್ಲಿ ಬರ್ಕೊಂಡಿದೀನಿ, ಡಾಕ್ಟರನ್ನ ಕೇಳ್ತೀನಿ."