ಟಾಮಿ ಫಾರ್ ಮೈಮೇಲಿನ ನೀಲಿ ಗೆರೆಗಳು

ನನ್ನ ಎಡ ಅಂಗೈಯಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆ ಇದೆ. ಮೂರನೇ ಕ್ಲಾಸಿನಲ್ಲಿ ಪಕ್ಕದವನ ಜೊತೆ ಕಿತ್ತಾಡುವಾಗ ಪೆನ್ಸಿಲ್ ಚುಚ್ಚಿ ಮೊನೆ ಒಳಗೇ ಮುರಿದಿತ್ತು. ಮೊನೆ ಕಪ್ಪು, ಚುಕ್ಕೆ ನೀಲಿ. ನಿಮ್ಮಲ್ಲೂ ಕೆಲವರಿಗೆ ಇಂಥದ್ದೊಂದು ಇರುತ್ತೆ, ಅಲ್ವಾ?

ವೇಲ್ಸ್‌ನ ಬಾಕ್ಸರ್ ಟಾಮಿ ಫಾರ್ ಮೈಮೇಲೂ ಇಂಥ ನೀಲಿ ಗುರುತುಗಳಿದ್ದವು. ಚುಕ್ಕೆಗಳಲ್ಲ, ಗೆರೆಗಳು. 1913ರಲ್ಲಿ ಟೋನಿಪ್ಯಾಂಡಿಯ ಹತ್ತಿರ ಹುಟ್ಟಿದವನು. ಇನ್ನೂ ಹುಡುಗನಿರುವಾಗಲೇ ಕಲ್ಲಿದ್ದಲು ಗಣಿಗೆ ಇಳಿದ. ಜಾತ್ರೆಯಲ್ಲಿ ಡೇರೆ ಹಾಕಿ ನಡೆಸುತ್ತಿದ್ದ ಬಾಕ್ಸಿಂಗ್ ಬೂತ್‌ಗಳಲ್ಲಿ ಎದುರಿಗೆ ಬಂದವರ ಜೊತೆಯೆಲ್ಲ ಗುದ್ದಾಡಿ ಪಳಗಿದ.

ಗಣಿಯ ಒಳಗೆ ಎಷ್ಟೋ ಕಡೆ ನೆಟ್ಟಗೆ ನಿಲ್ಲುವಷ್ಟೂ ಎತ್ತರ ಇರುತ್ತಿರಲಿಲ್ಲ. ಬಗ್ಗಿ ನಡೆಯುವಾಗ ಬೆನ್ನುಮೂಳೆಯ ಗಂಟುಗಳು ಮೇಲಿನ ಕಲ್ಲಿಗೆ ಉಜ್ಜಿ ಕಿತ್ತುಬರುತ್ತಿದ್ದವು. ಗಾಯದೊಳಗೆ ಇದ್ದಿಲ ಪುಡಿ ಸೇರುತ್ತಿತ್ತು. ಸ್ನಾನ ಅಂದರೆ ಮನೆಯಲ್ಲಿ ಒಲೆ ಮುಂದೆ ತಗಡಿನ ತೊಟ್ಟಿ. ಅದರಲ್ಲೂ ಬೆನ್ನು ತೊಳೆದರೆ ಸೊಂಟದ ಶಕ್ತಿ ಹೋಗುತ್ತೆ ಅಂತ ನಂಬಿದ್ದವರು ಬಹಳ ಮಂದಿ! ಪುಡಿ ಒಳಗಿರುವಾಗಲೇ ಮೇಲೆ ಚರ್ಮ ಕೂಡಿಕೊಳ್ಳುತ್ತಿತ್ತು.

ಆಮೇಲಿನದು ಹಚ್ಚೆಯ ಕಥೆಯೇ. ಹೊರಗಿನಿಂದ ಬಂದ ಕಸವನ್ನು ನುಂಗಲು ಚರ್ಮದಲ್ಲಿ ಮ್ಯಾಕ್ರೋಫೇಜ್ ಎಂಬ ಕೋಶಗಳಿವೆ. ಇದ್ದಿಲನ್ನೂ ಅವು ನುಂಗುತ್ತವೆ. ಆದರೆ ಇಂಗಾಲವನ್ನು ಕರಗಿಸುವ ರಸ ಅವುಗಳ ಹತ್ತಿರ ಇಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ನೆ ಕೂರುತ್ತವೆ. ಕೋಶ ಸತ್ತರೆ? 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ ನೋಡಿದರು. ಸತ್ತ ಕೋಶ ಬಿಟ್ಟುಹೋದ ಬಣ್ಣವನ್ನು ಹೊಸದಾಗಿ ಬಂದ ಕೋಶ ಅಲ್ಲೇ ನುಂಗಿಕೊಳ್ಳುತ್ತದೆ. ಕಾವಲುಗಾರರು ಬದಲಾಗುತ್ತಾರೆ, ಕೈದಿ ಮಾತ್ರ ಅಲ್ಲೇ.

ಸರಿ, ಕಪ್ಪು ಪುಡಿ ನೀಲಿಯಾಗಿದ್ದು ಹೇಗೆ? ಕೆಂಪು ಬೆಳಕು ಚರ್ಮದೊಳಗೆ ಜಾಸ್ತಿ ಆಳಕ್ಕೆ ಹೋಗುತ್ತದೆ. ಅಲ್ಲಿ ಇದ್ದಿಲು ಕೂತಿದ್ದರೆ ಅದನ್ನು ಹೀರಿಬಿಡುತ್ತದೆ. ನೀಲಿ ಬೆಳಕು ಅಷ್ಟು ಒಳಗೆ ಇಳಿಯುವ ಮೊದಲೇ ಚದುರಿ ವಾಪಸ್ ಬರುತ್ತದೆ. ನಮ್ಮ ಕಣ್ಣಿಗೆ ಸಿಗುವುದು ಅದೇ. ದೀಪದ ಮಸಿಯಿಂದ ಹಾಕಿಸಿಕೊಂಡ ನಮ್ಮ ಅಜ್ಜಿಯರ ಹಚ್ಚೆ ಕಪ್ಪಾಗಿ ಕಾಣದೆ ನೀಲಿ-ಹಸಿರಾಗಿ ಕಂಡಿದ್ದೂ ಇದೇ ಕಾರಣಕ್ಕೆ.

ಇನ್ನು ಬಾಕ್ಸರ್‌ಗೆ ಗಾಯದ ಕಲೆ ಬರೀ ಅಂದದ ವಿಷಯ ಅಲ್ಲ. ಕೂಡಿಕೊಂಡ ಚರ್ಮಕ್ಕೆ ಮೊದಲಿನ ಬಲ ಪೂರ್ತಿ ವಾಪಸ್ ಬರುವುದಿಲ್ಲ, ಹೆಚ್ಚೆಂದರೆ ಶೇಕಡಾ 80. ಹುಬ್ಬಿನಂಥ ಜಾಗದಲ್ಲಿ ಕೆಳಗೇ ಮೂಳೆ, ಮೇಲೆ ಗುದ್ದು. ಹಳೇ ಕಲೆ ಮತ್ತೆ ಬಿರಿಯುತ್ತದೆ.

ಇದೇ ಮೈ ಹೊತ್ತು ಫಾರ್ 1937ರ ಮಾರ್ಚ್‌ನಲ್ಲಿ ಬ್ರಿಟಿಷ್ ಹೆವಿವೇಟ್ ಚಾಂಪಿಯನ್ ಆದ. ಏಪ್ರಿಲ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಬೇರ್‌ನನ್ನು ಸೋಲಿಸಿದ. ಆಗಸ್ಟ್ 30ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಎದುರಿಗಿದ್ದವನು ಆಗಿನ ವಿಶ್ವ ಹೆವಿವೇಟ್ ಚಾಂಪಿಯನ್ ಜೋ ಲೂಯಿ. ಫಾರ್ ಬೇಗನೆ ನೆಲ ಕಚ್ಚುತ್ತಾನೆ ಅಂದುಕೊಂಡವರೇ ಜಾಸ್ತಿ. ಅವನು 15 ಸುತ್ತೂ ನಿಂತ, ಪಾಯಿಂಟ್‌ಗಳಲ್ಲಿ ಸೋತ. ವೇಲ್ಸ್‌ನ ಗಣಿ ಊರುಗಳಲ್ಲಿ ಜನ ನಡುರಾತ್ರಿ ದಾಟಿದರೂ ನಿದ್ದೆಗೆಟ್ಟು ರೇಡಿಯೋ ಮುಂದೆ ಕೂತಿದ್ದರು.

ಆ ಪಂದ್ಯಕ್ಕೆ ಮುಂಚೆ ತೂಕ ನೋಡುವಾಗಿನ ಒಂದು ಕಥೆ ಚಾಲ್ತಿಯಲ್ಲಿದೆ. ಬೆನ್ನಿನ ಮೇಲೆ ಅದೇನು ಗುರುತು ಅಂತ ಕೇಳಿದ್ದಕ್ಕೆ, ಹುಲಿಗಳ ಜೊತೆ ಕಾದಾಡಿದ್ದು ಅಂದನಂತೆ ಫಾರ್.